ಕೇಳಿ, ಹೇಳ್ತೀನಿ: ಪಿಆರ್ ಕೆಲಸ ಹುಡುಕುವವರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಸಾರ್ವಜನಿಕ ಸಂಪರ್ಕದ, ಅಂದರೆ ಎಲ್ಲರ ಬಾಯಲ್ಲೂ ಇರುವ ಪಿಆರ್ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿಸಿವೆ. ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. 9 ವರ್ಷ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಕೂತು, ಬಂದ ಪ್ರೆಸ್ ನೋಟ್‌ಗಳನ್ನು ಕಸದಬುಟ್ಟಿಗೆ ಹಾಕಿದವಳು ನಾನು. ಆಮೇಲೆ 16 ವರ್ಷ ಪಿಆರ್ ಏಜೆನ್ಸಿಯಲ್ಲಿ ಕೂತು, ಅಂಥವೇ ಪ್ರೆಸ್ ನೋಟ್‌ಗಳು ಬುಟ್ಟಿಗೆ ಬೀಳದಂತೆ ನೋಡಿಕೊಂಡೆ. ಪಾಪ, ಪುಣ್ಯ ಎರಡೂ ನನ್ನ ಖಾತೆಯಲ್ಲಿವೆ.

ಪ್ರಶ್ನೆ: ಪತ್ರಿಕೋದ್ಯಮದ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಯಾವ ಏಜೆನ್ಸಿಯ ಜಾಹೀರಾತು ನೋಡಿದರೂ ‘ಒಂದೆರಡು ವರ್ಷ ಅನುಭವ ಇರಬೇಕು’ ಎಂದಿರುತ್ತದೆ. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು ಮೇಡಂ?

ಉತ್ತರ: ಈಜು ಕಲಿತ ಮೇಲೆ ನೀರಿಗಿಳಿ ಅಂದ ಹಾಗೆ, ಅಲ್ವಾ? ಸಿಟ್ಟು ಬರುವುದು ಸಹಜ. ಆದರೆ ಆ ಸಾಲು ಬರೆದವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಅಂಥ ಸಾಲನ್ನು ನಾನೂ ಬರೆದಿದ್ದೇನೆ. ‘ಈ ಹುಡುಗಿ ಬರೆದದ್ದನ್ನು ತಿದ್ದುತ್ತಾ ನಾನು ರಾತ್ರಿ ಹತ್ತರವರೆಗೆ ಕೂರಬೇಕಾಗುತ್ತಾ?’ ಅಷ್ಟೇ ಅವರ ಭಯ. ಆ ಭಯ ಕಳೆಯುವ ನಾಲ್ಕು ಹಾಳೆ ನಿಮ್ಮ ಕೈಯಲ್ಲಿದ್ದರೆ ‘ಒಂದೆರಡು ವರ್ಷ’ ಎಂಬುದನ್ನು ಅವರೇ ಮರೆಯುತ್ತಾರೆ.

ಮೊದಲ ಹಾಳೆ ಒಂದು ಪ್ರೆಸ್ ನೋಟ್. ಕಲ್ಪಿತ ಕಂಪನಿಯ ಬಗ್ಗೆ ಬರೆಯಬೇಡಿ. ನಿಮ್ಮ ಕಾಲೇಜಿನಲ್ಲೋ, ನಿಮಗೆ ಗೊತ್ತಿರುವ ರಂಗತಂಡದಲ್ಲೋ, ಸೇವಾ ಸಂಸ್ಥೆಯಲ್ಲೋ ನಿಜವಾಗಿ ನಡೆದದ್ದನ್ನು ಹಿಡಿಯಿರಿ. ಕೆಲಸ ಕೇಳಿಕೊಂಡು ಬಂದ ಹುಡುಗನೊಬ್ಬ ತೋರಿಸಿದ ನೋಟು ಹೀಗೆ ಶುರುವಾಗಿತ್ತು:

‘ವಿದ್ಯಾರ್ಥಿಗಳ ಸರ್ವಾಂಗೀಣ ಅಭಿವೃದ್ಧಿಯ ಉದಾತ್ತ ಧ್ಯೇಯದೊಂದಿಗೆ ಕಾರ್ಯನಿರ್ವಹಿಸುತ್ತಿರುವ ನಮ್ಮ ಪ್ರತಿಷ್ಠಿತ ಕಾಲೇಜಿನ ವತಿಯಿಂದ ಗಣ್ಯರ ಸಮ್ಮುಖದಲ್ಲಿ ಧ್ವನಿಪುಸ್ತಕ ಯೋಜನೆಯು ಅದ್ಧೂರಿಯಾಗಿ ಉದ್ಘಾಟನೆಗೊಂಡಿತೆಂದು ತಿಳಿಸಲು ಹರ್ಷಿಸುತ್ತೇವೆ.’

ಹರ್ಷ ಅವರಿಗೆ, ಓದುವ ಕಷ್ಟ ನನಗೆ. ‘ಧ್ವನಿಪುಸ್ತಕ ಅಂದರೆ ಏನು, ಯಾರು ಮಾಡಿದ್ದು?’ ಎಂದು ಕೇಳಿದೆ. ಹುಡುಗ ಬಾಯಲ್ಲಿ ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ! ‘ಕಣ್ಣು ಕಾಣದ ಫ್ರೆಂಡ್ಸ್ ಹದಿನಾಲ್ಕು ಜನ ಇದ್ದಾರೆ ಮೇಡಂ. ಅವರಿಗೋಸ್ಕರ ನಾವೇ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿದ್ವಿ’ ಎಂದ. ‘ಅದನ್ನೇ ಬರಿ’ ಎಂದೆ. ಅಲ್ಲೇ ಕೂತು ಬರೆದ:

‘ದೃಷ್ಟಿದೋಷವಿರುವ 14 ಸಹಪಾಠಿಗಳಿಗಾಗಿ ಕಾಲೇಜು ವಿದ್ಯಾರ್ಥಿಗಳು 22 ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿದ್ದಾರೆ. ಸೋಮವಾರದಿಂದ ಇವು ಉಚಿತವಾಗಿ ಸಿಗಲಿವೆ.’

ಎರಡೂ ಒಂದೇ ಸುದ್ದಿ. ಡೆಸ್ಕಿನಲ್ಲಿದ್ದಾಗ ಒಂದೊಂದು ನೋಟಿಗೆ ನಾನು ಕೊಡುತ್ತಿದ್ದದ್ದು ಹತ್ತು ಸೆಕೆಂಡು. ಮೊದಲನೆಯದರಲ್ಲಿ ಹತ್ತು ಸೆಕೆಂಡು ‘ಉದಾತ್ತ ಧ್ಯೇಯ’ಕ್ಕೇ ಮುಗಿದುಹೋಗುತ್ತಿತ್ತು. ಎರಡನೆಯದನ್ನು ಒಂದು ಕಾಲಂನಲ್ಲಿ ಹಾಕಿ, ‘ಇದಕ್ಕೊಂದು ಫೋಟೊ ಸಿಗುತ್ತಾ?’ ಎಂದು ನಾನೇ ಫೋನ್ ಮಾಡುತ್ತಿದ್ದೆ. ಇನ್ನೊಂದು ವಿಷಯ. ಜಾಗ ಸಾಲದಿದ್ದಾಗ ಡೆಸ್ಕಿನವರು ಕತ್ತರಿ ಹಾಕುವುದು ಕೆಳಗಿನಿಂದ. ಹಾಗಾಗಿ ಮುಖ್ಯವಾದದ್ದು ಮೇಲಿರಲಿ, ಕತ್ತರಿಸಿದರೂ ನಷ್ಟವಾಗದ್ದು ಕೆಳಗಿರಲಿ. ಅತಿಥಿಗಳ ಹೆಸರಿನ ಪಟ್ಟಿ ಅಡಿಯಲ್ಲಿ ಆರಾಮಾಗಿ ಕೂರಲಿ.

ಎರಡನೆಯ ಹಾಳೆ ಪಿಚ್ ಮೇಲ್. ಒಬ್ಬ ನಿರ್ದಿಷ್ಟ ವರದಿಗಾರರಿಗೆ ಈ ಸುದ್ದಿಯನ್ನು ಏಕೆ ಬರೆಯಬೇಕು ಎಂದು ಹೇಳುವ ನೂರಿಪ್ಪತ್ತು ಪದ. ಮೂರನೆಯದು ಮೀಡಿಯಾ ಲಿಸ್ಟ್, ಅಂದರೆ ಸುದ್ದಿ ಕಳಿಸಬೇಕಾದ ವರದಿಗಾರರ ಪಟ್ಟಿ. ಹದಿನೈದು ಹೆಸರು ಸಾಕು. ಆದರೆ ಪ್ರತಿ ಹೆಸರಿನ ಮುಂದೆ ಅವರು ಕಳೆದ ತಿಂಗಳು ಏನು ಬರೆದಿದ್ದಾರೆ ಎಂದಿರಬೇಕು. ಇನ್ನೂರು ಇಮೇಲ್ ವಿಳಾಸಗಳ ಪಟ್ಟಿಯನ್ನು ಯಾರು ಬೇಕಾದರೂ ಕಾಪಿ ಹೊಡೆಯಬಹುದು. ಈ ಹದಿನೈದನ್ನು ಮಾಡಲು ಪೇಪರ್ ಓದಲೇಬೇಕು. ನಾಲ್ಕನೆಯದು, ನಿಮ್ಮ ನೋಟಿನಿಂದ ಎಲ್ಲಾದರೂ ಬಂದ ಒಂದು ಸಣ್ಣ ಸುದ್ದಿಯ ಕಟಿಂಗ್. ಒಂದೇ ಸಾಕು. ಇದು ಸಿಗುವುದು ಕಷ್ಟ. ಮೂರು ತಿಂಗಳು ಒಂದು ರಂಗತಂಡಕ್ಕೋ ಸೇವಾ ಸಂಸ್ಥೆಗೋ ಸುಮ್ನೆ ಕೆಲಸ ಮಾಡಿಕೊಟ್ಟರೆ ಸಿಕ್ಕೇ ಸಿಗುತ್ತದೆ.

ಪ್ರಶ್ನೆ: ನನ್ನ ಸಂಬಂಧಿಕರೊಬ್ಬರು ಆಸ್ಪತ್ರೆಯಲ್ಲಿ ಪಿಆರ್‌ಒ. ಬಂದವರಿಗೆ ದಾರಿ ತೋರಿಸುವುದು, ಬಿಲ್ ಬಗ್ಗೆ ಜಗಳವಾದರೆ ಸಮಾಧಾನ ಮಾಡುವುದು ಅವರ ಕೆಲಸ. ಪಿಆರ್ ಅಂದರೆ ಇದೇನಾ?

ಉತ್ತರ: ಅದೂ ಪಿಆರ್ ಹೆಸರಿನಲ್ಲೇ ನಡೆಯುತ್ತದೆ, ಮತ್ತು ಅದು ಸುಲಭದ ಕೆಲಸ ಏನಲ್ಲ. ಆದರೆ ನೀವು ಹುಡುಕುತ್ತಿರುವುದು ಅದಲ್ಲ ಎಂದುಕೊಳ್ಳುತ್ತೇನೆ. ಜಾಹೀರಾತಿನಲ್ಲಿ ಹುದ್ದೆಯ ಹೆಸರು ನೋಡಬೇಡಿ, ಕೆಳಗಿನ ವಿವರ ಓದಿ. ‘ಟಾರ್ಗೆಟ್’, ‘ಲೀಡ್ಸ್’, ‘ವಾಕ್-ಇನ್ ಗ್ರಾಹಕರು’ ಎಂಬ ಪದಗಳಿದ್ದರೆ ಅದು ಸೇಲ್ಸ್ ಅಥವಾ ಫ್ರಂಟ್ ಆಫೀಸು. ‘ಪತ್ರಿಕಾ ಪ್ರಕಟಣೆ’, ‘ಮಾಧ್ಯಮ ಸಂಪರ್ಕ’, ‘ಕವರೇಜ್ ರಿಪೋರ್ಟ್’ ಎಂದಿದ್ದರೆ ನಮ್ಮ ಪೈಕಿ.

ಪ್ರಶ್ನೆ: ನಾಲ್ಕು ತಿಂಗಳಲ್ಲಿ 60ಕ್ಕೂ ಹೆಚ್ಚು ಅರ್ಜಿ ಕಳಿಸಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ನನ್ನ ರೆಸ್ಯೂಮೆ ಜೊತೆಗಿನ ಪತ್ರವನ್ನು ಲಗತ್ತಿಸಿದ್ದೇನೆ. ತಪ್ಪೇನಿದೆ ಹೇಳಿ.

ಉತ್ತರ: ಪತ್ರ ಓದಿದೆ. ‘ನಿಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಸದವಕಾಶವನ್ನು ಕೋರುತ್ತಾ’ ಎಂದು ಶುರುವಾಗುತ್ತದೆ. ಭಾಷೆಯಲ್ಲಿ ತಪ್ಪಿಲ್ಲ. ಆದರೆ ಇದನ್ನು ಬ್ಯಾಂಕಿಗೂ ಕಳಿಸಬಹುದು, ಸಿಮೆಂಟ್ ಕಾರ್ಖಾನೆಗೂ ಕಳಿಸಬಹುದು. ಅರವತ್ತು ಕಡೆಗೂ ಇದೇ ಹೋಗಿದೆ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ.

ಇದನ್ನು ನಾನು ಮೇಲೆ ಕೂತು ಹೇಳುತ್ತಿಲ್ಲ. ಏಜೆನ್ಸಿ ಸೇರಿದ ಎರಡನೇ ವರ್ಷ ಒಂದೇ ಪಿಚ್ ಅನ್ನು ಹತ್ತಾರು ಪತ್ರಿಕೆಗಳಿಗೆ ಕಳಿಸಿದೆ. ಪ್ರತಿಯೊಂದರಲ್ಲೂ ‘ನಿಮ್ಮ ಪತ್ರಿಕೆಯ ಓದುಗರಿಗೆಂದೇ’ ಎಂದು ಬರೆದು ಪತ್ರಿಕೆಯ ಹೆಸರು ಬದಲಾಯಿಸುತ್ತಾ ಹೋದೆ. ಒಂದು ಕಡೆ ಬದಲಾಯಿಸಲು ಮರೆತೆ. ಒಬ್ಬ ಹಿರಿಯ ವರದಿಗಾರರಿಗೆ ಅವರ ಪ್ರತಿಸ್ಪರ್ಧಿ ಪತ್ರಿಕೆಯ ಹೆಸರು ಹೋಯಿತು. ಐದು ನಿಮಿಷಕ್ಕೆ ಒಂದು ಸಾಲಿನ ಉತ್ತರ ಬಂತು: ‘ಮೇಡಂ, ಆ ಓದುಗರು ನನ್ನ ಹತ್ತಿರ ಇಲ್ಲ, ಪಕ್ಕದ ಆಫೀಸಿನಲ್ಲಿ ವಿಚಾರಿಸಿ.’ ಎಂಟು ತಿಂಗಳು ಅವರು ನನ್ನ ಯಾವ ಮೇಲನ್ನೂ ತೆರೆಯಲಿಲ್ಲ. ಅವರದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ಪಿಆರ್ ಕೆಲಸಕ್ಕೆ ಹಾಕುವ ಅರ್ಜಿಯೇ ನಿಮ್ಮ ಮೊದಲ ಪಿಚ್. ಅದನ್ನು ಓದುವವರು ನಿಮ್ಮ ಗುಣಗಳ ಪಟ್ಟಿ ನೋಡುವುದಿಲ್ಲ. ‘ಇವರು ನಮ್ಮ ಕ್ಲೈಂಟಿನ ಬಗ್ಗೆ ವರದಿಗಾರರಿಗೆ ಹೀಗೇ ಬರೆಯುತ್ತಾರಾ?’ ಎಂದು ನೋಡುತ್ತಾರೆ. ಆದ್ದರಿಂದ ಅರವತ್ತು ಬೇಡ, ಎಂಟು ಕಳಿಸಿ. ಒಂದೊಂದಕ್ಕೂ ಅರ್ಧ ದಿನ ಕೊಡಿ. ಆ ಏಜೆನ್ಸಿಯ ಕ್ಲೈಂಟ್‌ಗಳು ಯಾರು, ಅವರ ಯಾವ ಸುದ್ದಿ ಇತ್ತೀಚೆಗೆ ಬಂತು ಎಂದು ನೋಡಿ.

ಯಾರಿಗೆ ಬರೆಯಬೇಕು ಎಂಬುದಕ್ಕೆ ಒಂದು ಉಪಾಯ ಹೇಳುತ್ತೇನೆ. ಏಕೋ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕುವ ಪತ್ರಿಕಾ ಪ್ರಕಟಣೆಗಳ ಕೊನೆಗೆ ಹೋಗಿ. ಕಂಪನಿಯ ಪರಿಚಯದ ಒಂದು ಸಿದ್ಧ ಪ್ಯಾರಾ ಇರುತ್ತದೆ, ನಾವು ಅದಕ್ಕೆ ಬಾಯ್ಲರ್‌ಪ್ಲೇಟ್ ಎನ್ನುತ್ತೇವೆ. ಅದರ ಕೆಳಗೆ ‘ಮಾಧ್ಯಮ ಸಂಪರ್ಕಕ್ಕೆ’ ಎಂದು ಹೆಸರು, ಇಮೇಲ್ ಎರಡೂ ಇರುತ್ತವೆ. ಆ ವ್ಯಕ್ತಿಯೇ ನೀವು ಹುಡುಕುತ್ತಿರುವ ಏಜೆನ್ಸಿಯವರು ಅಥವಾ ಆ ಕಂಪನಿಯ ಪಿಆರ್‌ನವರು. ‘ನಿಮ್ಮ ಈ ಪ್ರಕಟಣೆ ಓದಿದೆ. ಮೂರನೇ ಪ್ಯಾರಾದಲ್ಲಿದ್ದ ಅಂಕಿ ಮೊದಲಿಗೇ ಬಂದಿದ್ದರೆ ಇನ್ನೂ ಚೆನ್ನಾಗಿತ್ತು ಅನ್ನಿಸಿತು. ನಾನು ಹೀಗೆ ಬರೆದು ನೋಡಿದ್ದೇನೆ’ ಎಂದು ನಾಲ್ಕು ಸಾಲು ಬರೆಯಿರಿ. ಸ್ವಲ್ಪ ಧೈರ್ಯ ಬೇಕು. ಸ್ವಲ್ಪ ವಿನಯವೂ ಬೇಕು, ಏಕೆಂದರೆ ಆ ಪ್ರಕಟಣೆಯನ್ನು ಬರೆದವರೇ ಅದನ್ನು ಓದುತ್ತಾರೆ. ನನ್ನ ತಂಡಕ್ಕೆ ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜಾಹೀರಾತು ನೋಡಿ ಬಂದವರಲ್ಲ. ಹೀಗೆ ಯಾವುದೋ ನೆಪದಲ್ಲಿ ಕಣ್ಣಿಗೆ ಬಿದ್ದು ನೆನಪಿನಲ್ಲಿ ಉಳಿದವರು.

ಪ್ರಶ್ನೆ: ನನಗೆ ನಾಲ್ಕು ಜನರ ಮುಂದೆ ಮಾತಾಡಲು ಸಂಕೋಚ. ಬರೆಯುವುದು ಇಷ್ಟ. ಪಿಆರ್ ನನಗೆ ಆಗುತ್ತಾ?

ಉತ್ತರ: ಆಗುತ್ತದೆ. ಕೈ ಕುಲುಕುತ್ತಾ, ನಗುತ್ತಾ ಓಡಾಡುವವರೇ ಪಿಆರ್‌ನವರು ಎಂಬ ಚಿತ್ರ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ದಿನದ ಬಹುಪಾಲು ಓದುವುದು, ಬರೆಯುವುದು, ತಿದ್ದುವುದರಲ್ಲೇ ಕಳೆಯುತ್ತಿತ್ತು. ಬೆಳಿಗ್ಗೆ ಏಳಕ್ಕೆ ಪೇಪರ್‌ಗಳನ್ನು ಹರಡಿಕೊಂಡು ಕ್ಲೈಂಟಿನ ಬಗ್ಗೆ ಏನು ಬಂದಿದೆ, ಅವರ ಎದುರಾಳಿಗಳ ಬಗ್ಗೆ ಏನು ಬಂದಿದೆ ಎಂದು ನೋಡುವುದರಿಂದ ದಿನ ಶುರು.

ಫೋನ್ ಮಾತ್ರ ಮಾಡಲೇಬೇಕು, ಅದಕ್ಕೆ ರಿಯಾಯಿತಿ ಇಲ್ಲ. ಆದರೆ ಸಂಕೋಚದವರಿಗೆ ಇಲ್ಲೊಂದು ಲಾಭವಿದೆ. ಅವರು ಫೋನ್ ಮಾಡುವ ಮುಂಚೆ ಏನು ಹೇಳಬೇಕೆಂದು ಬರೆದುಕೊಳ್ಳುತ್ತಾರೆ. ಮಾತುಗಾರರು ಬರೆದುಕೊಳ್ಳುವುದಿಲ್ಲ, ಸುಮ್ನೆ ಡಯಲ್ ಮಾಡುತ್ತಾರೆ. ಪುಟ ಕಟ್ಟುವ ಹೊತ್ತಿನಲ್ಲಿ, ಅಂದರೆ ದಿನಪತ್ರಿಕೆಯಾದರೆ ಸಂಜೆಯ ಮೇಲೆ, ‘ನಮ್ಮ ಮೇಲ್ ಬಂತಾ ಸಾರ್?’ ಎಂದು ಫೋನ್ ಮಾಡುವವರನ್ನು ಡೆಸ್ಕಿನಲ್ಲಿ ನಾವು ಏನೆಂದು ಬೈಯುತ್ತಿದ್ದೆವು ಎಂಬುದನ್ನು ಇಲ್ಲಿ ಅಚ್ಚು ಹಾಕಲಾಗದು. ಬೆಳಿಗ್ಗೆ ಹನ್ನೊಂದರ ಆಸುಪಾಸು ಮಾಡಿ. ‘ಎರಡು ನಿಮಿಷ ಮಾತಾಡಬಹುದಾ?’ ಎಂದು ಕೇಳಿ. ಹೇಳಬೇಕಾದ್ದನ್ನು ಎರಡೇ ನಿಮಿಷದಲ್ಲಿ ಹೇಳಿ ಇಡಿ.

ಪ್ರಶ್ನೆ: ಏಜೆನ್ಸಿ ಸೇರುವುದೋ, ಯಾವುದಾದರೂ ಕಂಪನಿಯ ಒಳಗಿನ ಪಿಆರ್ ವಿಭಾಗ ಸೇರುವುದೋ? ಎರಡೂ ಕಡೆಯಿಂದ ಕರೆ ಬಂದಿದೆ.

ಉತ್ತರ: ಮೊದಲ ಕೆಲಸವಾದರೆ ಏಜೆನ್ಸಿ. ಒಂದೇ ವಾರದಲ್ಲಿ ಔಷಧ ಕಂಪನಿಗೆ ಬರೆಯುತ್ತೀರಿ, ಶಾಲೆಗೆ ಬರೆಯುತ್ತೀರಿ, ಸಾಫ್ಟ್‌ವೇರಿಗೂ ಬರೆಯುತ್ತೀರಿ. ನಾಲ್ಕಾರು ಜನ ನಿಮ್ಮ ಬರಹಕ್ಕೆ ಕೆಂಪು ಗೀಟು ಹಾಕುತ್ತಾರೆ. ಯಾವ ಕ್ಲೈಂಟಿಗೆ ಎಷ್ಟು ಗಂಟೆ ಕೊಟ್ಟಿರಿ ಎಂದು ಟೈಮ್‌ಶೀಟ್ ತುಂಬಬೇಕು. ಅದೊಂದು ಕಿರಿಕಿರಿ, ಆದರೆ ನಿಮ್ಮ ಸಮಯ ಎಲ್ಲಿ ಸೋರಿಹೋಗುತ್ತಿದೆ ಎಂದು ಅದರಿಂದಲೇ ಗೊತ್ತಾಗುವುದು. ಎರಡು ಮೂರು ವರ್ಷವಾದ ಮೇಲೆ ನಿಮಗೆ ಯಾವ ಕ್ಷೇತ್ರ ಹಿಡಿಸಿತೋ ಆ ಕಂಪನಿಯ ಒಳಗೆ ಹೋಗಿ. ಅಲ್ಲಿ ಒಂದೇ ವಿಷಯದ ಆಳ ಸಿಗುತ್ತದೆ, ಮತ್ತು ಎಂಡಿಯವರ ಬಾಗಿಲು ಹತ್ತಿರವಿರುತ್ತದೆ.

ಒಂದು ಅಪವಾದ ಇದೆ. ಕಂಪನಿಯಲ್ಲಿ ನಿಮ್ಮ ಮೇಲಿರುವವರು ಒಳ್ಳೆ ಬರಹಗಾರರಾಗಿದ್ದರೆ, ಏಜೆನ್ಸಿಯಲ್ಲಿ ನಿಮಗೆ ಬರೀ ಕಟಿಂಗ್ ಅಂಟಿಸುವ ಕೆಲಸವಾದರೆ, ನನ್ನ ಮಾತು ಬಿಟ್ಟು ಕಂಪನಿಗೇ ಹೋಗಿ.

ಪ್ರಶ್ನೆ: 38 ವರ್ಷ. ಪತ್ರಿಕೆಯಲ್ಲಿ 13 ವರ್ಷ ವರದಿಗಾರ. ಈಗ ಪಿಆರ್‌ಗೆ ಹೋಗಬೇಕೆಂದಿದ್ದೇನೆ. ಸಹೋದ್ಯೋಗಿಗಳು ‘ಆ ಕಡೆ ಹೋಗಿಬಿಟ್ಟ’ ಎಂದು ಆಡಿಕೊಳ್ಳುತ್ತಾರೆ. ನೀವೂ ಹೀಗೇ ಹೋದವರಲ್ಲವೇ?

ಉತ್ತರ: ಹೌದು, ನನಗೂ ಬೀಳ್ಕೊಡುಗೆಯ ದಿನ ‘ಇನ್ನು ನಿಮ್ಮ ಮೇಲ್ ನಾನು ತೆರೆಯಲ್ಲ’ ಎಂದು ತಮಾಷೆ ಮಾಡಿದ್ದರು. ಅರ್ಧ ನಿಜವೇ ಆಯಿತು.

ಈ ದಾರಿ ಹೊಸದೇನಲ್ಲ. ಈ ವೃತ್ತಿಯನ್ನು ಕಟ್ಟಿದವರಲ್ಲಿ ಮೊದಲಿಗರಾದ ಅಮೆರಿಕದ ಐವಿ ಲೀ ಕೂಡ ಪತ್ರಿಕೆಯ ವರದಿಗಾರರಾಗಿದ್ದವರೇ. 1906ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್ರೋಡ್ ಕಂಪನಿಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಬಾಯಿ ಮುಚ್ಚಿಕೊಂಡಿರುವುದು ಆಗಿನ ರೈಲು ಕಂಪನಿಗಳ ರೂಢಿ. ಲೀ ಉಲ್ಟಾ ಮಾಡಿದರು. ಕಂಪನಿಯ ಹೆಸರಿನಲ್ಲೇ ಹೇಳಿಕೆ ಕೊಟ್ಟರು, ವರದಿಗಾರರನ್ನು ಸ್ಥಳಕ್ಕೆ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿದರು. ಆ ಹೇಳಿಕೆಯನ್ನು ನ್ಯೂಯಾರ್ಕ್ ಟೈಮ್ಸ್ ಇದ್ದ ಹಾಗೇ ಅಚ್ಚು ಹಾಕಿತು. ಮೊದಲ ಪ್ರೆಸ್ ನೋಟ್ ಅದೇ ಎಂದು ಪಾಠಗಳಲ್ಲಿ ಹೇಳುತ್ತಾರೆ. ವರದಿಗಾರನಿಗೆ ಏನು ಬೇಕು ಎಂದು ವರದಿಗಾರನಾಗಿದ್ದವನಿಗೆ ಗೊತ್ತಿತ್ತು. ನಿಮ್ಮ ಬಂಡವಾಳವೂ ಅದೇ.

ಆದರೆ ಎರಡು ವಿಷಯ ನಿಮಗೆ ಕಷ್ಟವಾಗುತ್ತದೆ. ಒಂದು, ಬೈಲೈನ್, ಅಂದರೆ ಬರಹದ ಜೊತೆ ಅಚ್ಚಾಗುವ ನಿಮ್ಮ ಹೆಸರು, ಇರುವುದಿಲ್ಲ. ನೀವು ರಾತ್ರಿ ಎರಡರವರೆಗೆ ಕೂತು ಬರೆದ ಲೇಖನ ಎಂಡಿಯ ಹೆಸರಿನಲ್ಲಿ, ಎಂಡಿಯ ಫೋಟೊ ಜೊತೆ ಬರುತ್ತದೆ. ನನಗೆ ಇದು ಅರಗಲು ಒಂದು ವರ್ಷ ಬೇಕಾಯಿತು. ಎರಡು, ಅನುಮೋದನೆ. ಪತ್ರಿಕೆಯಲ್ಲಿ ಒಬ್ಬ ಮುಖ್ಯ ಉಪಸಂಪಾದಕರು ನೋಡಿದರೆ ಮುಗಿಯಿತು. ಇಲ್ಲಿ ಒಂದು ನೋಟು ಮಾರ್ಕೆಟಿಂಗ್, ವಕೀಲರು, ಎಂಡಿ ಎಲ್ಲರ ಕೈ ದಾಟಿ ಹದಿನೇಳನೆಯ ಕರಡಾಗಿ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ನೀವು ಬರೆದದ್ದರಲ್ಲಿ ತಾರೀಕು ಮಾತ್ರ ಉಳಿದಿರುತ್ತದೆ.

ಸಂದರ್ಶನದಲ್ಲಿ ‘ನನಗೆ ಎಲ್ಲಾ ಸಂಪಾದಕರೂ ಗೊತ್ತು’ ಎಂದು ಹೇಳಬೇಡಿ. ಪತ್ರಿಕೆಯಿಂದ ಬಂದವರೆಲ್ಲ ಹಾಗೇ ಹೇಳುತ್ತಾರೆ. ಗೆಳೆತನದ ಮೇಲೆ ಒಂದು ಸುದ್ದಿ ಹಾಕಿಸಬಹುದು, ಎರಡನೆಯದಕ್ಕೆ ಗೆಳೆತನ ಹೋಗುತ್ತದೆ. ‘ಇದು ಸುದ್ದಿಯಲ್ಲ ಎಂದು ಕ್ಲೈಂಟಿಗೆ ಮೊದಲೇ ಹೇಳಬಲ್ಲೆ’ ಎನ್ನಿ. ಅದಕ್ಕೆ ಬೆಲೆ ಜಾಸ್ತಿ.

ಪ್ರಶ್ನೆ: ಪಿಆರ್ ಅಂದರೆ ಚೆಂದದ ಸುಳ್ಳು ಎನ್ನುತ್ತಾರೆ ನಮ್ಮ ತಂದೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ತಂದೆಯವರ ಅನುಮಾನಕ್ಕೆ ಆಧಾರ ಇಲ್ಲದೆ ಇಲ್ಲ. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಕೆಲವು ಹೆಂಗಸರು ಬಹಿರಂಗವಾಗಿ ಸಿಗರೇಟು ಸೇದಿದರು. ‘ಸ್ವಾತಂತ್ರ್ಯದ ಪಂಜು’ ಎಂದು ಅದು ದೊಡ್ಡ ಸುದ್ದಿಯಾಯಿತು. ಹಿಂದೆ ನಿಂತು ಅದನ್ನು ಏರ್ಪಾಟು ಮಾಡಿದವರು ಅಮೆರಿಕದ ಪಿಆರ್ ಪರಿಣತ ಎಡ್ವರ್ಡ್ ಬರ್ನೇಸ್, ಅವರ ಕ್ಲೈಂಟ್ ಸಿಗರೇಟು ಕಂಪನಿ. ಓದಿದವರಿಗೆ ಅದು ಗೊತ್ತಿರಲಿಲ್ಲ. ಇತ್ತೀಚಿನದು ಬೇಕಾದರೆ, ಬ್ರಿಟನ್ನಿನ ದೊಡ್ಡ ಏಜೆನ್ಸಿ ಬೆಲ್ ಪಾಟಿಂಜರ್. ದಕ್ಷಿಣ ಆಫ್ರಿಕಾದಲ್ಲಿ ಜನಾಂಗ ದ್ವೇಷ ಕೆರಳಿಸುವ ಪ್ರಚಾರ ಮಾಡಿದ್ದಕ್ಕೆ 2017ರಲ್ಲಿ ಬ್ರಿಟನ್ನಿನ ಪಿಆರ್ ವೃತ್ತಿ ಸಂಘ ಅದನ್ನು ಹೊರಹಾಕಿತು. ಕೆಲವೇ ವಾರಗಳಲ್ಲಿ ಏಜೆನ್ಸಿಯೇ ಕುಸಿದುಬಿತ್ತು.

ಇನ್ನೊಂದು ಕಡೆಯದನ್ನೂ ಅವರಿಗೆ ಹೇಳಿ. 1982ರಲ್ಲಿ ಶಿಕಾಗೋ ಆಸುಪಾಸಿನಲ್ಲಿ ಟೈಲೆನಾಲ್ ಎಂಬ ನೋವಿನ ಔಷಧದ ಕ್ಯಾಪ್ಸೂಲಿಗೆ ಯಾರೋ ಸೈನೈಡ್ ಬೆರೆಸಿದರು. 7 ಜನ ಸತ್ತರು. ತಪ್ಪು ಕಂಪನಿಯದಲ್ಲ. ಆದರೂ ಅದರ ಒಡೆತನದ ಜಾನ್ಸನ್ ಅಂಡ್ ಜಾನ್ಸನ್ ‘ನಮ್ಮ ಮಾತ್ರೆ ತಗೋಬೇಡಿ’ ಎಂದು ತಾನೇ ಜನರಿಗೆ ಹೇಳಿತು. ಸುಮಾರು 3.1 ಕೋಟಿ ಬಾಟಲಿಗಳನ್ನು ಅಂಗಡಿಗಳಿಂದ ವಾಪಸ್ ತರಿಸಿತು. ಆಮೇಲೆ ಯಾರಾದರೂ ತೆರೆದರೆ ಗೊತ್ತಾಗುವಂಥ ಪ್ಯಾಕಿಂಗ್ ಮಾಡಿ ಮಾರುಕಟ್ಟೆಗೆ ಬಂತು. ಪಿಆರ್ ತರಗತಿಗಳಲ್ಲಿ ಇವತ್ತಿಗೂ ಇದನ್ನು ಪಾಠ ಮಾಡುತ್ತಾರೆ. ಗಮನಿಸಿ, ಅಲ್ಲಿ ಕೆಲಸ ಮಾಡಿದ್ದು ಪ್ರೆಸ್ ನೋಟಿನ ಭಾಷೆ ಮಾತ್ರ ಅಲ್ಲ. ಬಾಟಲಿಗಳು ನಿಜವಾಗಿ ವಾಪಸ್ ಬಂದವು.

ನನ್ನದೇ ಕಥೆ ಹೇಳುವುದಾದರೆ, ಒಬ್ಬ ಕ್ಲೈಂಟ್ ‘ಒಂದು ಲಕ್ಷ ಗ್ರಾಹಕರು ಎಂದು ಬರೀರಿ’ ಎಂದರು. ಲೆಕ್ಕ ಕೇಳಿದೆ. ಆ್ಯಪ್ ಇಳಿಸಿಕೊಂಡು ಮಾರನೇ ದಿನ ಅಳಿಸಿದವರನ್ನೂ ಸೇರಿಸಿದ್ದರು. ‘ಒಂದು ಲಕ್ಷ ಡೌನ್‌ಲೋಡ್’ ಎಂದು ಬರೆದೆ. ಅವರಿಗೆ ಸಿಟ್ಟು ಬಂತು. ನೋಟು ಹೋದ ಅರ್ಧ ಗಂಟೆಗೆ ವರದಿಗಾರ್ತಿಯೊಬ್ಬರು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ ‘ಇದರಲ್ಲಿ ಈಗ ಬಳಸುತ್ತಿರುವವರು ಎಷ್ಟು?’ ಗ್ರಾಹಕರು ಎಂದು ಬರೆದಿದ್ದರೆ ಆ ದಿನದ ಸುದ್ದಿ ಬೇರೆಯೇ ಆಗಿರುತ್ತಿತ್ತು.

ಪ್ರಶ್ನೆ: ಇಂಟರ್ವ್ಯೂ ಜೊತೆ ಒಂದು ಗಂಟೆಯ ಬರವಣಿಗೆ ಪರೀಕ್ಷೆ ಇದೆಯಂತೆ. ಏನು ಕೊಡುತ್ತಾರೆ?

ಉತ್ತರ: ಸಾಮಾನ್ಯವಾಗಿ ಎರಡು. ಒಂದು, ಗೊಂದಲಮಯ ಮಾಹಿತಿಯ ರಾಶಿ ಕೊಟ್ಟು ಪ್ರೆಸ್ ನೋಟ್ ಮಾಡಿ ಎನ್ನುತ್ತಾರೆ. ಅದಕ್ಕೆ ಮೊದಲನೇ ಉತ್ತರ ನೋಡಿ. ಇನ್ನೊಂದು, ಏನೋ ಅನಾಹುತವಾಗಿದೆ, ಹೋಲ್ಡಿಂಗ್ ಸ್ಟೇಟ್‌ಮೆಂಟ್ ಬರೆಯಿರಿ ಎನ್ನುತ್ತಾರೆ. ಪೂರ್ತಿ ವಿವರ ಸಿಗುವ ಮುಂಚೆ ಮೊದಲ ಗಂಟೆಯಲ್ಲಿ ಕೊಡುವ ಚಿಕ್ಕ ಹೇಳಿಕೆ ಅದು. ನಾನು ಕೊಡುತ್ತಿದ್ದ ಪರೀಕ್ಷೆ ಗೋದಾಮಿನ ಬೆಂಕಿಯದು. ನನಗೆ ಇಷ್ಟವಾದ ಉತ್ತರ ಇದು:

‘ಇಂದು ಬೆಳಿಗ್ಗೆ 6.40ಕ್ಕೆ ನಮ್ಮ ಗೋದಾಮಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗಿದ್ದ 31 ಜನರೂ ಹೊರಬಂದಿದ್ದಾರೆ. ಇಬ್ಬರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ, ಅವರ ಮನೆಯವರಿಗೆ ತಿಳಿಸಿದ್ದೇವೆ. ಬೆಂಕಿಗೆ ಕಾರಣ ಇನ್ನೂ ಗೊತ್ತಾಗಿಲ್ಲ. ಮಧ್ಯಾಹ್ನ 12ಕ್ಕೆ ಮತ್ತೆ ಮಾಹಿತಿ ಕೊಡುತ್ತೇವೆ.’

ಬೇರೆ ಉತ್ತರಗಳಲ್ಲಿ ‘ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ’ ಎಂದು ಶುರುವಾಗಿತ್ತು. ಗೋದಾಮು ಉರಿಯುತ್ತಿರುವಾಗ ಆ ಸಾಲು ಓದಿದರೆ ಹೇಗಿರುತ್ತದೆ ಯೋಚಿಸಿ. ಇಬ್ಬರು ‘ಶಾರ್ಟ್ ಸರ್ಕಿಟ್‌ನಿಂದ’ ಎಂದು ಬರೆದಿದ್ದರು. ನಾನು ಕೊಟ್ಟ ಹಾಳೆಯಲ್ಲಿ ಕಾರಣವೇ ಇರಲಿಲ್ಲ, ಅದು ಬೇಕೆಂದೇ ಬಿಟ್ಟ ಗುಂಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವವರು ಯಾರು ಎಂದು ನೋಡುವುದಕ್ಕೇ ಆ ಪರೀಕ್ಷೆ. ಕೊನೆಯ ಸಾಲನ್ನೂ ಗಮನಿಸಿ. 12ಕ್ಕೆ ಎಂದರೆ 12ಕ್ಕೆ ಕೊಡಲೇಬೇಕು, ಹೊಸದೇನೂ ಇಲ್ಲದಿದ್ದರೆ ‘ಹೊಸದೇನೂ ಇಲ್ಲ’ ಎಂದಾದರೂ.

ಪದಗಳ ಹಿಂದೆ ಅಡಗುವುದು ಎಷ್ಟು ದುಬಾರಿ ಎಂಬುದಕ್ಕೆ 2017ರ ಯುನೈಟೆಡ್ ಏರ್‌ಲೈನ್ಸ್ ಪ್ರಕರಣ ನೋಡಿ. ವಿಮಾನದಲ್ಲಿ ಕೂತಿದ್ದ ಪ್ರಯಾಣಿಕರೊಬ್ಬರನ್ನು ಎಳೆದು ಹೊರಹಾಕಿದ ವಿಡಿಯೊವನ್ನು ಜಗತ್ತೇ ನೋಡಿತ್ತು. ಕಂಪನಿಯ ಮುಖ್ಯಸ್ಥರ ಮೊದಲ ಹೇಳಿಕೆಯಲ್ಲಿದ್ದದ್ದು ಪ್ರಯಾಣಿಕರಿಗೆ ‘ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದದ್ದಕ್ಕೆ’ ಕ್ಷಮೆ. ಎಳೆದದ್ದರ ಸುದ್ದಿಯೇ ಇಲ್ಲ. ಜನ ಇನ್ನಷ್ಟು ಕೆರಳಿದರು, ಮತ್ತೆ ಮತ್ತೆ ಕ್ಷಮೆ ಕೇಳಬೇಕಾಯಿತು.

ಪ್ರಶ್ನೆ: ಪ್ರೆಸ್ ನೋಟನ್ನು ಎಐ ಒಂದು ನಿಮಿಷದಲ್ಲಿ ಬರೆಯುತ್ತದೆ. ಈ ಕೆಲಸಕ್ಕೆ ಭವಿಷ್ಯ ಇದೆಯಾ?

ಉತ್ತರ: ಬರೆಯುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ಹೋದ ಸಲ ಪರೀಕ್ಷೆ ಮನೆಗೆ ಕೊಟ್ಟು ಕಳಿಸಿದಾಗ ಏಳರಲ್ಲಿ ಐದು ಉತ್ತರ ಹೆಚ್ಚುಕಡಿಮೆ ಒಂದೇ ವಾಕ್ಯದಿಂದ ಶುರುವಾಗಿದ್ದವು. ಉಳಿದಿಬ್ಬರನ್ನೇ ಕರೆದೆವು. ಕರಡಿಗೆ, ಅನುವಾದದ ಮೊದಲ ಸುತ್ತಿಗೆ ಬಳಸಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಕ್ಲೈಂಟಿನ ಇನ್ನೂ ಹೊರಬೀಳದ ವಿಷಯವನ್ನು ಸಿಕ್ಕ ಸಿಕ್ಕ ಟೂಲಿಗೆ ಹಾಕಬೇಡಿ, ಕೆಲಸ ಹೋದೀತು. ಇನ್ನು ‘ಲಕ್ಷ ಗ್ರಾಹಕರು’ ಎಂದ ಕ್ಲೈಂಟಿಗೆ ಲೆಕ್ಕ ಕೇಳುವುದು ಸದ್ಯಕ್ಕೆ ಮನುಷ್ಯರ ಕೆಲಸವೇ.

ಪ್ರಶ್ನೆ: ತಾಯ್ನುಡಿಯಲ್ಲೇ ಓದಿದವಳು. ಇಂಗ್ಲಿಷ್ ಬರೆಯಬಲ್ಲೆ, ಮಾತಿನಲ್ಲಿ ತಡವರಿಸುತ್ತೇನೆ. ಇದು ಅಡ್ಡಿಯೇ?

ಉತ್ತರ: ಶುರುವಿನಲ್ಲಿ ಸ್ವಲ್ಪ. ಆದರೆ ಇಂಗ್ಲಿಷ್ ನೋಟನ್ನು ಪದಕ್ಕೆ ಪದ ಅನುವಾದ ಮಾಡಿ ಕಳಿಸುವ ಏಜೆನ್ಸಿಗಳಿಂದ ಡೆಸ್ಕಿನವರು ರೋಸಿಹೋಗಿರುತ್ತಾರೆ. ಅದನ್ನು ಓದುವಂತೆ ತಾಯ್ನುಡಿಯಲ್ಲಿ ಹೊಸದಾಗಿ ಬರೆಯುವವರು ಸಿಕ್ಕರೆ ಯಾವ ಏಜೆನ್ಸಿಯೂ ಬಿಡುವುದಿಲ್ಲ. ನಿಮ್ಮ ನಾಲ್ಕು ಹಾಳೆಗಳಲ್ಲಿ ಒಂದು ಅಂಥದ್ದಿರಲಿ: ಎಡಕ್ಕೆ ಮೂಲ, ಬಲಕ್ಕೆ ನಿಮ್ಮದು.

ಪ್ರಶ್ನೆ: ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಬಹುದೇ?

ಉತ್ತರ: ಲಾಭ ಮಾಡುವ ಏಜೆನ್ಸಿಗಾದರೆ ಬೇಡ. ನಿಮ್ಮ ಕೆಲಸಕ್ಕೆ ಅವರು ಕ್ಲೈಂಟಿನಿಂದ ದುಡ್ಡು ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ನನ್ನ ರೆಸ್ಯೂಮೆಯಲ್ಲಿ, ‘ಇಷ್ಟು ಕಾಲಂ ಸೆಂಟಿಮೀಟರ್ ಕವರೇಜ್, ಜಾಹೀರಾತಾಗಿದ್ದರೆ ಇಷ್ಟು ಲಕ್ಷ’ ಎಂದು ಹಾಕಲೇ? ಇಂಟರ್ನ್ ಆಗಿದ್ದಾಗ ಹಾಗೇ ಲೆಕ್ಕ ಹಾಕಲು ಕಲಿಸಿದರು.

ಉತ್ತರ: ಹಾಕಬೇಡಿ. ಆ ಲೆಕ್ಕಕ್ಕೆ ಅರ್ಥವಿಲ್ಲ ಎಂದು 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿದ್ದ ಪಿಆರ್ ಅಳತೆಯ ಪರಿಣತರು ತೀರ್ಮಾನಿಸಿದ್ದಾರೆ. ಬಾರ್ಸಿಲೋನಾ ತತ್ವಗಳು ಎಂದೇ ಅವಕ್ಕೆ ಹೆಸರು. ಅಲ್ಲದೆ, ಕ್ಲೈಂಟನ್ನು ಬೈದು ಬಂದ ಅರ್ಧ ಪುಟದ ಸುದ್ದಿಗೂ ಆ ಲೆಕ್ಕದಲ್ಲಿ ಲಕ್ಷಗಟ್ಟಲೆ ಬೆಲೆ ಬರುತ್ತದೆ! ‘ಸುದ್ದಿ ಬಂದ ಮೇಲೆ ಶಿಬಿರಕ್ಕೆ 40ರ ಬದಲು 130 ಜನ ಬಂದರು’ ಎಂಬಂಥದ್ದು ಏನಾದರೂ ಇದ್ದರೆ ಅದನ್ನು ಹಾಕಿ.

ಪ್ರಶ್ನೆ: ಇಂಟರ್ವ್ಯೂ ಕೊನೆಯಲ್ಲಿ ‘ನಿಮಗೇನಾದರೂ ಕೇಳೋದಿದೆಯಾ?’ ಅಂತಾರೆ. ಪ್ರತಿ ಸಲವೂ ‘ಏನಿಲ್ಲ ಸಾರ್’ ಎಂದು ಎದ್ದು ಬರುತ್ತೇನೆ. ಏನು ಕೇಳಬೇಕು?

ಉತ್ತರ: ಈ ಹುದ್ದೆಯಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ನಾನು ಬರೆದದ್ದನ್ನು ಯಾರು ತಿದ್ದುತ್ತಾರೆ ಎಂದು ಕೇಳಿ. ರಜೆಯ ದಿನ ಕ್ಲೈಂಟ್ ಫೋನ್ ಮಾಡಿದರೆ ಯಾರು ಎತ್ತಬೇಕು ಎಂದೂ ಕೇಳಬಹುದು. ಉತ್ತರಕ್ಕಿಂತ ಅವರು ಉತ್ತರಿಸುವ ಮುಂಚೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರಾ ಎಂದು ಗಮನಿಸಿ.

ಒಬ್ಬಳು ಹುಡುಗಿ ನನ್ನನ್ನೇ ಕೇಳಿದ್ದಳು: ‘ಮೇಡಂ, ನೀವು ಕೊನೆಯ ಸಲ ಬೇಡ ಅಂದ ಕ್ಲೈಂಟ್ ಯಾರು, ಯಾಕೆ?’ ಅರ್ಧ ನಿಮಿಷ ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೇಳಿದ್ದೂ ಎರಡು ವರ್ಷದ ಹಿಂದಿನ ಕಥೆ. ಅವಳು ತಲೆಯಾಡಿಸಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಮರುದಿನವೇ ಆಫರ್ ಲೆಟರ್ ಕಳಿಸಿದೆವು. ಅವಳು ಬೇರೆ ಕಡೆ ಸೇರಿದಳು.